ರಾಯಚೂರು ಸೀಮೆಯ ಮೆಥಡಿಸ್ಟ್ ಸಭೆಯೂ ವಿಲಿಯಂ ಟೇಲರನ ಸ್ವಾವಲಂಬನ ಪಂಥವೂ

ಕನ್ನಡ ನಾಡಿನ ಮೆಥಡಿಸ್ಟರು ಎಂದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುದು ವೆಸ್ಲಿಯನ್ ಮಿಶನ್ನು. 1821ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ತೊಡಗಿ, 1837ರಲ್ಲಿ ಹಾಡ್ಸನನ ಮೂಲಕ ಗುಬ್ಬಿಯಲ್ಲಿ ನೆಲೆಯೂರಿದ ಈ ಮಿಶನ್ನಿಗೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಸಂದಿದೆ. ರೀವನ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದ ಸ್ಯಾಂಡರ್ಸನ್ನನನ್ನೂ ಮೈಸೂರಿನ ವೆಸ್ಲಿಯನ್ ಮುದ್ರಣಾಲಯವನ್ನೂ ಕನ್ನಡ ವಿದ್ವಾಂಸರು ಮರೆತಿಲ್ಲ. ಆದರೆ ರಾಯಚೂರು, ಯಾದಗಿರಿ, ಗುಲ್ಬರ್ಗ, ಬೀದರಗಳಲ್ಲಿ ಇಂದಿಗೂ ಮೆಥಡಿಸ್ಟರೆಂಬ ಹೆಸರಿನಿಂದಲೇ ಕರೆಯಿಸಿಕೊಳ್ಳುವ ಸಭೆಗಳು ಈ ಮನೆತನಕ್ಕೆ ಸೇರಿದವಲ್ಲ. ಹೆಸರು ಒಂದು, ಬುಡವೂ ಒಂದು, ಕವಲು ಬೇರೆ. ಅವು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯೊಳಗೆ 1870ರ ದಶಕದಲ್ಲಿ ತಲೆದೋರಿದ ಒಂದು ಭಿನ್ನಾಭಿಪ್ರಾಯದ ಪರಂಪರೆಯಲ್ಲಿ ಬಂದವು. ಆ ಭಿನ್ನಾಭಿಪ್ರಾಯವನ್ನು ಹುಟ್ಟುಹಾಕಿದವನು ವಿಲಿಯಂ ಟೇಲರ್.

ಟೇಲರನ ಭಿನ್ನತೆ ಸಿದ್ಧಾಂತದ್ದಾಗಿರಲಿಲ್ಲ, ಹಣಕ್ಕೆ ಸಂಬಂಧಿಸಿದ್ದಾಗಿತ್ತು. ಸಭೆಯ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಯನ್ನು ಆತನು ಎತ್ತಿದನು. ವೆಚ್ಚ ಹೊರುವವನೇ ಯಜಮಾನನಾಗುತ್ತಾನೆಂಬುದನ್ನು ಚೆನ್ನಾಗಿ ಅರಿತೇ ಎತ್ತಿದನು. ಆತನ ಯೋಜನೆ ಮೊದಲಲ್ಲಿ ಬೆರಗಾಗುವಂತೆ ಕೈಗೂಡಿ, ಬಳಿಕ ರಾಯಚೂರು ಸೀಮೆಯಂಥ ಹಳ್ಳಿಗಾಡಿಗೆ ಬಂದಾಗ ನಿಂತುಹೋಯಿತು. ಹಳ್ಳಿಯ ಜನ ಕೊಡುವುದನ್ನು ಕಲಿಯಲಿಲ್ಲ, ಅದರಿಂದಲೇ ಸ್ವಾವಲಂಬನೆ ಸೋತಿತು ಎಂದು ಹೇಳುವ ವಾಡಿಕೆಯುಂಟು. ಈ ಮಾತು ನಮಗೆ ಒಪ್ಪಿಗೆಯಾಗಿಲ್ಲ. ಕಾರಣವನ್ನು ಬೇರೆ ಕಡೆ ಹುಡುಕಬೇಕೆಂಬುದನ್ನು ಇಲ್ಲಿ ತೋರಿಸಲು ಪ್ರಯತ್ನಿಸುತ್ತೇವೆ.

ಇದಕ್ಕಾಗಿ ಮೊದಲು ಸ್ವಲ್ಪ ಹಿಂದಕ್ಕೆ ಹೋಗುವುದು ಅಗತ್ಯ. ಜಾನ್ ವೆಸ್ಲಿಯ (1703-1791) ಅನುಯಾಯಿಗಳ ಜೀವಾಳವೆನಿಸಿದ್ದ ವರ್ಗಕೂಟವು ಹುಟ್ಟಿದ್ದು ಸಾಲ ತೀರಿಸುವುದಕ್ಕಾಗಿ. ಬ್ರಿಸ್ಟಲ್ ನಗರದಲ್ಲಿ ಕಟ್ಟಿಸಿದ ಪ್ರಾರ್ಥನಾಮಂದಿರದ ಮೇಲೆ ಸಾಲವಿತ್ತು. 1742ರಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಫಾಯ್ ಎಂಬ ಹಡಗಿನ ಕಪ್ತಾನನು, ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಟ್ಟರೆ ಸಾಲ ತೀರುವುದೆಂದು ಸೂಚಿಸಿದನು. ಬಡವರ ಗತಿಯೇನೆಂದು ಯಾರೋ ಕೇಳಿದರು. ತೀರ ಬಡವರಾದ ಹನ್ನೊಂದು ಮಂದಿಯನ್ನು ನನ್ನ ಪಾಲಿಗೆ ಬಿಡಿ, ಅವರು ಕೊಡಲಾರದ್ದನ್ನು ನಾನು ತುಂಬಿಕೊಡುವೆನೆಂದು ಆತನು ಉತ್ತರಕೊಟ್ಟನು. ಹೀಗೆ ಹನ್ನೆರಡು ಮಂದಿಯ ಗುಂಪುಗಳಾದವು; ಪ್ರತಿ ಗುಂಪಿಗೊಬ್ಬ ಮುಖಂಡನಾದನು. ಆತನು ವಾರವಾರವೂ ಮನೆಮನೆಗೆ ಹೋಗಿ ಪೆನ್ನಿಯೊಡನೆ ಮನೆಯವರ ಸುಖದುಃಖ, ನಡೆನುಡಿಗಳನ್ನೂ ವಿಚಾರಿಸಿಕೊಂಡು ಬರತೊಡಗಿದನು. ಇದರ ಪ್ರಯೋಜನವನ್ನು ವೆಸ್ಲಿ ಕೂಡಲೇ ಮನಗಂಡನು. ಸಾಲ ತೀರಿದರೂ ಕೂಟಗಳು ಉಳಿದವು. ಈ ವ್ಯವಸ್ಥೆಯಲ್ಲಿ ನಾವು ನೆನಪಿಡಬೇಕಾದ ಅಂಶಗಳು ಎರಡು. ಸದಸ್ಯನ ಕೈಗೆ ವಾರವಾರವೂ ನಾಣ್ಯ ಬರುತ್ತದೆಂಬುದನ್ನು ಅದು ಗ್ರಹಿಸಿಕೊಂಡಿದೆ. ಬಡವನ ಪಾಲನ್ನು ತುಂಬಿಕೊಡಬಲ್ಲ ಒಬ್ಬ ಅನುಕೂಲಸ್ಥನು ಅದೇ ಗುಂಪಿನಲ್ಲಿ ಇರುತ್ತಾನೆಂಬುದನ್ನೂ ಗ್ರಹಿಸಿಕೊಂಡಿದೆ.

ವೆಸ್ಲಿಯ ತರುವಾಯ ಮೆಥಡಿಸ್ಟರಲ್ಲಿ ಎದ್ದ ಒಡಕುಗಳ ಕಥೆ ದೀರ್ಘವಾದದ್ದು. 1797ರಲ್ಲಿ ಕಿಲ್‌ಹ್ಯಾಮನ ನೇತೃತ್ವದಲ್ಲಿ ನ್ಯೂ ಕನೆಕ್ಷನ್ ಬೇರೆಯಾಯಿತು. 1807ರಲ್ಲಿ ಮಾವ್ ಕಾಪ್ ಗುಡ್ಡದ ಮೇಲೆ ಬಯಲುಕೂಟ ನಡೆಸಿ ಹಿರಿಯರ ಕೋಪಕ್ಕೆ ಗುರಿಯಾದ ಬೋರ್ನ್ ಮತ್ತು ಕ್ಲೌಸ್ ಎಂಬವರಿಂದ ಪ್ರಿಮಿಟಿವ್ ಮೆಥಡಿಸ್ಟರೆಂಬ ಪಂಗಡ ಬೆಳೆಯಿತು. ಅಮೆರಿಕದಲ್ಲಿ ಗುಲಾಮಗಿರಿಯ ವಿರೋಧಿಗಳು 1843ರಲ್ಲಿಯೂ, ಆಸನಗಳನ್ನು ಬಾಡಿಗೆಗೆ ಕೊಡುವ ಪದ್ಧತಿಯನ್ನು ಖಂಡಿಸಿದ ಫ್ರೀ ಮೆಥಡಿಸ್ಟರು 1860ರಲ್ಲಿಯೂ ಹೊರಬಂದರು. ಇವುಗಳಲ್ಲಿ ಫ್ರೀ ಮೆಥಡಿಸ್ಟರು ಬೇರಾರದ ಯವತಮಾಳದವರೆಗೆ ಬಂದರು. ನ್ಯೂ ಕನೆಕ್ಷನ್ನಿನ ಬೋಧಕನಾಗಿದ್ದು ಅದನ್ನು ಬಿಟ್ಟ ವಿಲಿಯಂ ಬೂತನ ಮುಕ್ತಿಸೇನೆ 1882ರಲ್ಲಿ ಮುಂಬಯಿಗೆ ಕಾಲಿಟ್ಟಿತು. ಈ ಎಲ್ಲ ಒಡಕುಗಳಲ್ಲಿಯೂ ಸಾಮಾನ್ಯವಾದ ಒಂದು ಎಳೆ ಕಾಣುತ್ತದೆ: ಆಳುವ ಬೋಧಕವರ್ಗಕ್ಕೂ ಕಾಸುಕೊಡುವ ಸಾಮಾನ್ಯ ಸದಸ್ಯರಿಗೂ ನಡುವಣ ಜಗ್ಗಾಟ. ಟೇಲರನ ಪ್ರಕರಣವೂ ಇದೇ ಜಾತಿಯದು. ವ್ಯತ್ಯಾಸವಿಷ್ಟೆ, ಆತನು ಹೊರಗೆ ಹೋಗಲಿಲ್ಲ. ಒಳಗಿದ್ದೇ ಹಿರಿಯರ ಮಾತನ್ನು ಮೀರಿದನು.

ಟೇಲರನು 1821ರಲ್ಲಿ ವರ್ಜೀನಿಯ ಪ್ರಾಂತದಲ್ಲಿ ಜನಿಸಿದನು. 1849ರಲ್ಲಿ, ಚಿನ್ನದ ಆಸೆಯಿಂದ ಜನ ಕ್ಯಾಲಿಫೋರ್ನಿಯಕ್ಕೆ ಮುಗಿಬಿದ್ದಿದ್ದ ಕಾಲದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಹೋಗಿ ಏಳು ವರ್ಷ ಬೀದಿಯಲ್ಲಿ ನಿಂತು ಬೋಧಿಸಿದನು. ಅಲ್ಲಿ ನಾವಿಕರಿಗಾಗಿ ನಡೆಸಿದ ಕಾರ್ಯದಿಂದ ತಲೆಯ ಮೇಲೆ ಸಾಲ ಬಂತು. ತಾನೇ ಬರೆದ ಪುಸ್ತಕಗಳನ್ನು ಮಾರಿ ಸಾಲ ತೀರಿಸಲು ಹೊರಟನು. ಪುಸ್ತಕಮಾರಾಟವೇ ಆತನ ಜೀವನೋಪಾಯವಾಯಿತು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳನ್ನು ಸುತ್ತಿ 1870ರ ಕೊನೆಯಲ್ಲಿ ಭಾರತಕ್ಕೆ ಬಂದಾಗಲೂ ಆತನು ಯಾವ ಸಂಘದ ಸಂಬಳಗಾರನೂ ಆಗಿರಲಿಲ್ಲ. ಗುಡಾರ ಹೊಲಿದು ಹೊಟ್ಟೆಹೊರೆದು ಬೋಧಿಸಿದ ಪೌಲನೇ ತನಗೆ ಮಾದರಿಯೆಂದು ಆತನು ಹೇಳಿಕೊಳ್ಳುತ್ತಿದ್ದನು. 1879ರಲ್ಲಿ ಈ ಪೌಲಮಾರ್ಗವನ್ನು ಕುರಿತೇ ಒಂದು ಪುಸ್ತಕ ಬರೆದನು. ಒರಟು ಮಾತಿನ, ಗಟ್ಟಿ ದನಿಯ, ಉದ್ದ ಗಡ್ಡದ ಈ ಮನುಷ್ಯನಲ್ಲಿ ಆತ್ಮಪ್ರಶಂಸೆಯ ಗುಣವೂ ಕಡಮೆಯಿರಲಿಲ್ಲವೆಂಬುದು ಆತನ ಬರಹಗಳನ್ನು ಓದಿದವರಿಗೆ ತಿಳಿಯದೆ ಇರದು.

ಅಮೆರಿಕದ ಮೆಥಡಿಸ್ಟರು 1856ರಿಂದ ಭಾರತದಲ್ಲಿದ್ದರು. ಆದರೆ ಇತರ ಮಿಶನ್ನುಗಳೊಡನೆ ಸೀಮೆ ಹಂಚಿಕೊಂಡು, ಗಂಗಾನದಿಗೂ ಹಿಮಾಲಯಕ್ಕೂ ನಡುವಣ ಅವಧ್ ರೋಹಿಲ್‌ಖಂಡಗಳನ್ನು ಮಾತ್ರ ತಮ್ಮ ಕ್ಷೇತ್ರವೆಂದು ಒಪ್ಪಿಕೊಂಡಿದ್ದರು. 1871ರ ಕೊನೆಯಲ್ಲಿ ಮುಂಬಯಿಗೆ ಬಂದ ಟೇಲರನು ಮನೆಮನೆಗಳಲ್ಲಿ ಸಣ್ಣ ಸಣ್ಣ ಕೂಟಗಳನ್ನು ನಡೆಸಿದನು. ಅವು ಹಳೆಯ ವರ್ಗಕೂಟಗಳೇ. ಅಲ್ಲಿ ನೆರೆದವರು 1872ರ ಮೊದಲಲ್ಲಿ ಮೆಥಡಿಸ್ಟ್ ಸಭೆಯಾಗಿ ಏರ್ಪಟ್ಟಾಗ ಗಂಗೆಯ ಗಡಿ ಮುರಿಯಿತು. ಹೊಸ ಸಭೆಗಳ ನಿಬಂಧನೆಗಳು ಸರಳವಾಗಿದ್ದವು. ಮೆಥಡಿಸ್ಟ್ ಶಿಸ್ತು ಪಾಲಿಸತಕ್ಕದ್ದು. ಭಾಷೆ, ಜಾತಿ, ಬಣ್ಣಗಳ ಭೇದವಿರಕೂಡದು. ನ್ಯೂಯಾರ್ಕಿನ ಮಿಶನರಿ ಸೊಸೈಟಿಯಿಂದ ಬೋಧಕರ ಪ್ರಯಾಣವೆಚ್ಚದ ಹೊರತು ಬೇರೇನನ್ನೂ ಪಡೆಯಕೂಡದು. ಬೋಧಕನನ್ನು ಅವನ ಸಭೆಯೇ ಸಾಕತಕ್ಕದ್ದು. 1848ರಿಂದ ಮುಂಬಯಿಯಲ್ಲಿದ್ದು, ತನ್ನ ಮಿಶನ್ನಿನ ಸಂಬಳವನ್ನು ತಾನಾಗಿಯೇ ಬಿಟ್ಟು ಪೇಟೆಯ ಜನರ ನಡುವೆ ಬಡತನದಲ್ಲಿ ಬದುಕುತ್ತಿದ್ದ ಜಾರ್ಜ್ ಬೋವನ್ ಈ ಗುಂಪನ್ನು ಸೇರಿದ್ದು ಆಶ್ಚರ್ಯವಲ್ಲ. ಟೇಲರನಿಗಿಂತ ಬೋವನನಲ್ಲಿಯೇ ಈ ತತ್ತ್ವ ಹೆಚ್ಚು ಶುದ್ಧವಾಗಿ ಬಾಳಿತೆಂದು ನಮಗೆ ತೋರುತ್ತದೆ.

ಮುಂಬಯಿಯಿಂದ ಕಲ್ಕತ್ತ, ಮದ್ರಾಸುಗಳಿಗೂ, 1874ರಲ್ಲಿ ಬೆಂಗಳೂರಿಗೂ ಚಳವಳಿ ಹಬ್ಬಿತು. ಬೆಂಗಳೂರಿನಲ್ಲಿ ವೆಸ್ಲಿಯನ್ನರ ಇಂಗ್ಲಿಷ್ ಸಭೆ ಆಗಲೇ ಇತ್ತು. ಒಂದೇ ಊರಿನಲ್ಲಿ ಎರಡು ಮೆಥಡಿಸ್ಟ್ ಸಭೆಗಳೇಕೆಂದು ಜನ ಕೇಳುವುದು ಸಹಜವಾಗಿತ್ತು. ಆದರೂ ರಿಚ್ಮಂಡ್ ಟೌನಿನ ಸಭೆ ಬೇರೂರಿತು. 1880ರಲ್ಲಿ ಅದರ ಆಶ್ರಯದಲ್ಲಿ ಒಂದು ಶಾಲೆ ತಲೆಯೆತ್ತಿತು. ಅದಕ್ಕೆ ಹಣ ಕೊಟ್ಟವನು ಓಹಾಯೋ ಪ್ರಾಂತದ ಜಾನ್ ಬಾಲ್ಡ್ವಿನ್. ಇಂದಿನ ಬಾಲ್ಡ್ವಿನ್ ಶಾಲೆಗಳಿಗೆ ಆತನದೇ ಹೆಸರು. ಪರದೇಶದ ಸಂಘದ ಹಣ ಬೇಡವೆಂದವರು ಪರದೇಶದ ಧನಿಕನ ಹಣವನ್ನು ಒಪ್ಪಿಕೊಂಡರೆಂಬುದನ್ನು ಇಲ್ಲಿಯೇ ಗಮನಿಸಬಹುದು.

ಈ ಸಭೆಗಳಿಗೆ ಬರುತ್ತಿದ್ದವರು ಯಾರು? ರೈಲ್ವೆ ಗಾರ್ಡುಗಳು, ಎಂಜಿನ್ ಚಾಲಕರು, ತಂತಿ ಕಚೇರಿಯವರು, ದಂಡಿನ ಪಿಂಚಣಿದಾರರು, ಸಣ್ಣ ವರ್ತಕರು. ಬಹುಮಟ್ಟಿಗೆ ಆಂಗ್ಲೋ-ಇಂಡಿಯನ್ನರು ಮತ್ತು ಮೇಲುಹುದ್ದೆಯಿಲ್ಲದ ಯೂರೋಪಿಯನ್ನರು. ಇವರನ್ನು ಸರಕಾರದ ಪಾದ್ರಿಗಳು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮದ್ರಾಸ್ ರೈಲ್ವೆಯನ್ನು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುದಾರಿ ತೆರೆಯಿತು. ಟೇಲರನ ಚಳವಳಿ ಹುಟ್ಟಿದ ಕಾಲವೂ ಈ ಹಳಿಗಳು ಕೂಡಿದ ಕಾಲವೂ ಒಂದೇ ಆಗಿರುವುದು ಆಕಸ್ಮಿಕವಿರಬಹುದು. ಆದರೆ ಹಳಿಗಳಿಲ್ಲದೆ ಈ ಚಳವಳಿಯನ್ನು ಊಹಿಸಲಾಗದು. ಬೋಧಕನು ಹಳಿಯ ಗುಂಟ ಹೋಗುತ್ತಿದ್ದನು, ಸದಸ್ಯನು ವರ್ಗವಾದರೆ ಮುಂದಿನ ಊರಿನಲ್ಲಿ ಹೊಸ ಕೂಟ ಕೂಡಿಸುತ್ತಿದ್ದನು. ಎಲ್ಲಕ್ಕಿಂತ ಮುಖ್ಯವಾಗಿ ಇವರಿಗೆ ತಿಂಗಳು ತಿಂಗಳಿಗೆ ಸಂಬಳವು ನಾಣ್ಯದಲ್ಲಿ ಬರುತ್ತಿತ್ತು. ಬ್ರಿಸ್ಟಲಿನ ಪೆನ್ನಿ ಇಲ್ಲಿ ಆಣೆಯಾಯಿತು, ಅಷ್ಟೆ. ನಿಜಾಮರ ರಾಜ್ಯದೊಳಗೆ ರೈಲ್ವೆ ಜಮೀನು ಬ್ರಿಟಿಷರ ನ್ಯಾಯಾಧಿಕಾರಕ್ಕೆ ಒಳಪಟ್ಟಿದ್ದುದರಿಂದ ರೈಲ್ವೆ ವಸತಿಯು ಎಲ್ಲ ವಿಧದಲ್ಲಿಯೂ ಊರಿನಿಂದ ಬೇರೆಯಾದ ಒಂದು ನಡುಗಡ್ಡೆಯಾಗಿತ್ತು. ಭಾಷಾಭೇದ ವರ್ಣಭೇದಗಳಿಲ್ಲವೆಂದು ಸಾರಿದ ಸಭೆ ಇಂಗ್ಲಿಷ್ ಮಾತನಾಡುವವರ ನಡುಗಡ್ಡೆಯಲ್ಲಿಯೇ ನಿಂತಿತು. ಟೇಲರನ ಮೊದಲ ಲೆಕ್ಕಾಚಾರವೆಂದರೆ, ಈ ಇಂಗ್ಲಿಷ್ ಸಭೆಗಳೇ ಮುಂದೆ ದೇಶೀಯರ ನಡುವಣ ಕೆಲಸವನ್ನು ಹೊತ್ತುಕೊಳ್ಳುವುವೆಂಬುದು. ಲೆಕ್ಕಾಚಾರ ತಪ್ಪಿತು. ಸಣ್ಣ ಸಂಬಳದ, ಆಗಾಗ ವರ್ಗವಾಗುವ ಕುಟುಂಬಗಳು ತಮ್ಮ ಬೋಧಕನನ್ನು ಸಾಕುವಷ್ಟರಲ್ಲಿಯೇ ದಣಿಯುತ್ತಿದ್ದುವು.

ಟೇಲರನು 1875ರಲ್ಲಿ ಭಾರತವನ್ನು ಬಿಟ್ಟನು. ಮರುವರ್ಷ, 1876ರಲ್ಲಿ, ಆತನ ಸಭೆಗಳೆಲ್ಲ ದಕ್ಷಿಣ ಇಂಡಿಯ ಕಾನ್ಫರೆನ್ಸ್ ಎಂಬ ಹೆಸರಿನಲ್ಲಿ ಮಾತೃಸಭೆಯ ಕ್ರಮಬದ್ಧ ಅಂಗವಾದುವು. ಹೊಸ ಅಂಗಕ್ಕೂ ನ್ಯೂಯಾರ್ಕಿಗೂ ನಡುವಣ ವಾದ ಅಲ್ಲಿಗೆ ಮುಗಿಯಲಿಲ್ಲ. ದಕ್ಷಿಣ ಅಮೆರಿಕದಲ್ಲಿಯೂ ಟೇಲರನು ಇದೇ ಬಗೆಯ ಸಭೆಗಳನ್ನು ಕಟ್ಟತೊಡಗಿದಾಗ ಮಿಶನರಿ ಸಮಿತಿ ಅಡ್ಡಬಂತು. ತನ್ನ ಅನುಮತಿಯಿಲ್ಲದೆ ಬೋಧಕರನ್ನು ಕಳುಹಿಸುವ ಹಕ್ಕು ಯಾರಿಗೂ ಇಲ್ಲವೆಂದಿತು. 1882ರಲ್ಲಿ ಟೇಲರನು ಬೋಧಕಪದವಿಯ ಕಾನ್ಫರೆನ್ಸ್ ಸದಸ್ಯತ್ವವನ್ನೇ ತೊರೆದು ಸ್ಥಳೀಯ ಬೋಧಕನಾಗಿ ನಿಂತನು. ಎರಡು ವರ್ಷಗಳ ಮೇಲೆ ಫಿಲಡೆಲ್ಫಿಯದಲ್ಲಿ ಸೇರಿದ ಮಹಾಸಮ್ಮೇಳನಕ್ಕೆ ಆತನನ್ನು ಸಾಮಾನ್ಯ ಸದಸ್ಯರ ಪ್ರತಿನಿಧಿಯಾಗಿ ಕಳುಹಿಸಿದ್ದು ಇದೇ ದಕ್ಷಿಣ ಇಂಡಿಯ ಕಾನ್ಫರೆನ್ಸು. ಆ ಸಮ್ಮೇಳನವು ಆತನನ್ನು ಆಫ್ರಿಕದ ಬಿಷಪ್ಪನನ್ನಾಗಿ ಆರಿಸಿತು! ವಾದಿಯನ್ನು ದೊಡ್ಡ ಪದವಿಯಲ್ಲಿ ಕೂರಿಸಿ ದೂರದ ಖಂಡಕ್ಕೆ ಕಳುಹಿಸಿದ್ದರಲ್ಲಿ ಗೌರವವೆಷ್ಟು, ಉಪಾಯವೆಷ್ಟು ಎಂಬುದನ್ನು ಓದುಗರೇ ಊಹಿಸಬಹುದು. ಆತನು 1902ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡನು.

ಇಷ್ಟರಲ್ಲಿ ದಕ್ಷಿಣದ ಸಭೆಗಳ ದೃಷ್ಟಿ ಹಳಿಯಿಂದ ಹಳ್ಳಿಯ ಕಡೆಗೆ ಹೊರಳತೊಡಗಿತ್ತು. 1876-78ರ ಬರಗಾಲವು ಕೋಲಾರದಿಂದ ರಾಯಚೂರಿನವರೆಗೆ ನಾಡನ್ನು ಹಣ್ಣುಮಾಡಿತ್ತು. ಆ ಬರಗಾಲದ ಅನಾಥರಿಗಾಗಿ ಮಿಸ್ ಆನ್‌ಸ್ಟಿ ಎಂಬ ಮಹಿಳೆ ಕೋಲಾರದಲ್ಲಿ ನಡೆಸುತ್ತಿದ್ದ ಆಶ್ರಮ 1890ರಲ್ಲಿ ಈ ಮೆಥಡಿಸ್ಟರ ಕೈಸೇರಿತು. ಬೆಳಗಾವಿಯಲ್ಲಿ ಲಂಡನ್ ಮಿಶನ್ನಿನವರು ತಮ್ಮ ಹಳೆಯ ಕೇಂದ್ರವನ್ನು 1904ರಲ್ಲಿ ಇವರಿಗೆ ಬಿಟ್ಟುಕೊಟ್ಟರು; ಬೆನನ್-ಸ್ಮಿತ್ ಪ್ರೌಢಶಾಲೆಯ ಹೆಸರಿನಲ್ಲಿ ಆ ಹಿಂದಿನ ಮಿಶನರಿಗಳ ನೆನಪು ಉಳಿದಿದೆ. ಗುಲ್ಬರ್ಗ, ಬೀದರ, ರಾಯಚೂರುಗಳಲ್ಲಿ ಕನ್ನಡದಲ್ಲಿ ನಡೆಯುವ ಕೆಲಸ ಹಬ್ಬಿತು. ಇಲ್ಲಿ ಸಭೆಗೆ ಸೇರಿದವರು ಬಹುಪಾಲು ಮಾದಿಗ, ಹೊಲೆಯ ಸಮುದಾಯಗಳವರು. ಸ್ವಾವಲಂಬನ ತತ್ತ್ವಕ್ಕೆ ನಿಜವಾದ ಪರೀಕ್ಷೆ ಬಂದದ್ದು ಆಗ.

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿರುವ ಗಬ್ಬೂರನ್ನು ಈ ಸೀಮೆಯ ಹಳ್ಳಿಯ ಮಾದರಿಯಾಗಿ ನೋಡೋಣ. ಇಲ್ಲಿ ಸಭೆಯ ಚರಿತ್ರೆಯನ್ನು ಹುಡುಕುವುದು ನಮ್ಮ ಉದ್ದೇಶವಲ್ಲ. ಧರ್ಮಸಂಸ್ಥೆಯೊಂದು ಈ ಕಪ್ಪುನೆಲದಲ್ಲಿ ಹೇಗೆ ಬದುಕುತ್ತಿತ್ತೆಂಬುದನ್ನು ತಿಳಿಯುವುದು. ಗಬ್ಬೂರು ಹಳೆಯ ಗುಡಿಗಳ ಊರು. ಮಲೆ ಶಂಕರನ ಗುಡಿಯೇ ಮೊದಲಾಗಿ ಹಲವು ಗುಡಿಗಳೂ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳೂ ಅಲ್ಲಿವೆ. ಆ ಕಾಲದ ಶಾಸನಗಳ ವಾಡಿಕೆಯನ್ನು ಬಲ್ಲವರಿಗೆ ದತ್ತಿಯ ರೀತಿ ಪರಿಚಿತವೇ. ನಂದಾದೀವಿಗೆಗೆ, ಪೂಜಾರಿಯ ಜೀವಿತಕ್ಕೆ, ಜೀರ್ಣೋದ್ಧಾರಕ್ಕೆ ಎಂದು ಮತ್ತರುಗಟ್ಟಲೆ ನೆಲವನ್ನು ಬಿಡುತ್ತಿದ್ದರು. ಸಂತೆಯ ಸುಂಕದಲ್ಲಿ, ಗಾಣದ ಎಣ್ಣೆಯಲ್ಲಿ ಪಾಲನ್ನು ಗೊತ್ತುಮಾಡುತ್ತಿದ್ದರು. ಭಕ್ತನು ವಾರವಾರ ಕಾಸು ತರಬೇಕೆಂಬ ನಿಯಮವಿರಲಿಲ್ಲ. ವರ್ಷಕ್ಕೊಮ್ಮೆ ಬೆಳೆ ಬರುವ ನಾಡಿನಲ್ಲಿ ದೇವರಿಗೂ ವರ್ಷಕ್ಕೊಮ್ಮೆ ಬೆಳೆಯುವ ನೆಲವೇ ಆಧಾರವಾಗಿತ್ತು. ಮಸೀದಿ, ದರ್ಗಾಗಳಿಗೆ ಬಿಟ್ಟ ಇನಾಮುಗಳೂ ಇದೇ ಕ್ರಮದವು.

ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬರುವುದಕ್ಕೆ ಮುಂಚೆ ಈ ಭಾಗವೆಲ್ಲ ಮಳೆಯನ್ನು ನಂಬಿದ ಜೋಳ, ಹತ್ತಿಗಳ ನೆಲ. ಕೂಲಿಯವನಿಗೆ ಸಿಗುತ್ತಿದ್ದುದು ಜೋಳ. ಹಳ್ಳಿಯ ಆಯಗಾರರಿಗೆ ದೊರೆಯುತ್ತಿದ್ದುದು ರಾಶಿಯ ಕಾಲದಲ್ಲಿ ಕಣದಲ್ಲಿ ಅಳೆದುಕೊಟ್ಟ ಕಾಳು. ಮಿಣಿ, ಬಾರುಕೋಲು, ಕಪಿಲೆಯ ಚರ್ಮದ ಚೀಲಗಳನ್ನು ಒದಗಿಸಿ, ಸತ್ತ ದನವನ್ನು ಎತ್ತಿ, ಹಬ್ಬದಲ್ಲಿ ಹಲಗೆ ಬಾರಿಸಿದ್ದಕ್ಕೆ ಮಾದಿಗರ ಪಾಲು ಅದೇ ಕಣದಲ್ಲಿ ಬರುತ್ತಿತ್ತು. ಸಭೆಗೆ ಸೇರಿದವನು ಗುಡಿಯ ಮುಂದೆ ಹಲಗೆ ಬಾರಿಸೆನೆಂದರೆ ಆ ಪಾಲಿಗೇ ಸಂಚಕಾರ ಒದಗುತ್ತಿತ್ತು. ಹೀಗೆ ಹೊಸ ಸದಸ್ಯನ ಕೈಯಲ್ಲಿ ನಾಣ್ಯವೂ ಇಲ್ಲ, ದತ್ತಿ ಬಿಡಲು ನೆಲವೂ ಇಲ್ಲ, ಇದ್ದ ಕಾಳಿನ ಹಕ್ಕಿಗೂ ಭದ್ರತೆಯಿಲ್ಲ. ಕಪ್ತಾನ ಫಾಯ್‌ನ ಹನ್ನೆರಡು ಮಂದಿಯ ಗುಂಪಿನಲ್ಲಿ ಹನ್ನೊಂದು ಬಡವರಿಗೆ ಒಬ್ಬ ಅನುಕೂಲಸ್ಥನಿದ್ದನು. ಇಲ್ಲಿ ಹನ್ನೆರಡು ಮಂದಿಯೂ ಒಂದೇ ಕೇರಿಯವರು, ಒಂದೇ ಸಾಹುಕಾರನಿಗೆ ಸಾಲಗಾರರು. ತುಂಬಿಕೊಡುವವರು ಯಾರು?

ಕೊಡುವ ಮನಸ್ಸಿರಲಿಲ್ಲವೆಂಬುದು ಹೀಗಾಗಿ ಸರಿಯಾದ ಮಾತಲ್ಲ. ಸುಗ್ಗಿಯ ಕಾಣಿಕೆಯ ದಿನ ಜೋಳದ ಚೀಲ, ಕೋಳಿ, ಮೊಟ್ಟೆ, ಕುಂಬಳಕಾಯಿಗಳನ್ನು ತಂದು ವೇದಿಕೆಯ ಮುಂದಿಟ್ಟು, ಅಲ್ಲಿಯೇ ಹರಾಜು ಹಾಕಿ ಬಂದ ಹಣವನ್ನು ಸಭೆಗೆ ಸೇರಿಸುವ ಪದ್ಧತಿ ಕನ್ನಡ ಸಭೆಗಳಲ್ಲಿ ಬಳಕೆಯಲ್ಲಿದೆ. ಕಾಳನ್ನು ಕಾಸಾಗಿ ಮಾರ್ಪಡಿಸಲು ಜನ ತಾವೇ ಕಂಡುಕೊಂಡ ದಾರಿ ಇದು. ಆದರೆ ವರ್ಷಕ್ಕೊಮ್ಮೆಯ ಹರಾಜು ಹನ್ನೆರಡು ತಿಂಗಳು ಒಬ್ಬ ಬೋಧಕನ ಕುಟುಂಬವನ್ನು ಸಾಕಲಾರದು. ಉಪದೇಶಿಗೂ ಶಾಲೆಯ ಮೇಷ್ಟರಿಗೂ ತಿಂಗಳ ಸಂಬಳ ಬೇಕಾಯಿತು. ಅದು ನ್ಯೂಯಾರ್ಕಿನಿಂದಲೇ ಬಂತು. ಯಾವ ಸೊಸೈಟಿಯ ಹಣವನ್ನು ಬೇಡವೆಂದು ಈ ಕವಲು ಬೇರೆಯಾಗಿತ್ತೋ ಅದರ ಹಣವೇ ಹಳ್ಳಿಯ ಕೆಲಸಕ್ಕೆ ಆಧಾರವಾಯಿತು. ಹಣದ ಹಿಂದೆ ಅಧಿಕಾರವೂ ಬಂತು. ಬೋಧಕನನ್ನು ನೇಮಿಸುವುದು, ವರ್ಗಮಾಡುವುದು, ಶಾಲೆ ತೆರೆಯುವುದು, ಮುಚ್ಚುವುದು ಇವೆಲ್ಲ ಬಂಗಲೆಯಲ್ಲಿ ತೀರ್ಮಾನವಾಗುವ ಸಂಗತಿಗಳಾದವು. ಟೇಲರನು ಹೆದರಿದ್ದು ಇದಕ್ಕೇ. ಆತನ ಭೀತಿ ಸರಿಯಾಗಿತ್ತು. ಆತನ ಪರಿಹಾರ ಮಾತ್ರ ಸಂಬಳದ ಊರುಗಳಿಗೆ ಅಳೆದು ಹೊಲಿಸಿದ ಅಂಗಿಯಾಗಿತ್ತು. ಇನ್ನೊಂದನ್ನೂ ಹೇಳಬೇಕು. ಆ ಪರದೇಶದ ಹಣವಿಲ್ಲದಿದ್ದರೆ ಈ ಕೇರಿಗಳಲ್ಲಿ ಅಕ್ಷರ ಕಲಿತ ಮೊದಲ ತಲೆಮಾರು ಎಷ್ಟು ಕಾಲ ಕಾಯಬೇಕಾಗುತ್ತಿತ್ತೋ ಹೇಳಲಾಗದು. ಸ್ವಾವಲಂಬನೆಯೇ ಶ್ರೇಷ್ಠವೆನ್ನುವವರು ಈ ಅಂಶವನ್ನೂ ತೂಗಿನೋಡಬೇಕು.

ಎರಡು ಕವಲುಗಳು ಕೂಡುವ ಅವಕಾಶ ಬಂದಾಗಲೂ ಕೂಡಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಇಂಡಿಯ ಸಭೆ ಏರ್ಪಟ್ಟಾಗ ಮೈಸೂರು ಸೀಮೆಯ ವೆಸ್ಲಿಯನ್ನರು ಆಂಗ್ಲಿಕನ್ನರೊಡನೆಯೂ ಲಂಡನ್ ಮಿಶನ್ನಿನ ಸಭೆಗಳೊಡನೆಯೂ ಅದರಲ್ಲಿ ಸೇರಿಹೋದರು. ರಾಯಚೂರು, ಬೀದರ, ಗುಲ್ಬರ್ಗ, ಬೆಳಗಾವಿಗಳ ಮೆಥಡಿಸ್ಟರು ಹೊರಗುಳಿದರು. 1970ರಲ್ಲಿ ಉತ್ತರ ಇಂಡಿಯ ಸಭೆಯನ್ನು ಸೇರುವ ಮಾತುಕತೆ ಕೊನೆಯ ಹಂತಕ್ಕೆ ಬಂದು ಮುರಿಯಿತು. 1981ರ ಜನವರಿಯಲ್ಲಿ ಇವರು ಅಮೆರಿಕದ ಸಭೆಯ ಆಡಳಿತದಿಂದ ಬಿಡಿಸಿಕೊಂಡು ಭಾರತದ ಮೆಥಡಿಸ್ಟ್ ಸಭೆ ಎಂಬ ಸ್ವತಂತ್ರ ಸಂಸ್ಥೆಯಾದರು. ಟೇಲರನು 1872ರಲ್ಲಿ ಮುಂಬಯಿಯಲ್ಲಿ ಕೇಳಿದ್ದನ್ನು ಕಾನೂನಿನ ಮಾತಿನಲ್ಲಿ ಬರೆಯಲು 109 ವರ್ಷ ಹಿಡಿಯಿತು. ಬೆಂಗಳೂರಿನಲ್ಲಿ ಈಗಲೂ ವೆಸ್ಲಿಯನ್ನರ ಹಳೆಯ ಈಸ್ಟ್ ಪೆರೇಡ್ ದೇವಾಲಯವೂ ಟೇಲರನ ಪರಂಪರೆಯ ರಿಚ್ಮಂಡ್ ಟೌನ್ ದೇವಾಲಯವೂ ಎರಡು ಬೇರೆ ಸಭೆಗಳಿಗೆ ಸೇರಿವೆ.

ಈ ವಿಷಯದಲ್ಲಿ ಮುಂದುವರಿಯಬಯಸುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಮೆಥಡಿಸ್ಟ್ ಕಾನ್ಫರೆನ್ಸುಗಳ ವಾರ್ಷಿಕ ನಡಾವಳಿಗಳು ಅಚ್ಚಾಗಿವೆ. ಅವುಗಳ ಕೊನೆಯಲ್ಲಿರುವ ಕೋಷ್ಟಕಗಳನ್ನು ಚರಿತ್ರಕಾರರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಸದಸ್ಯರ ಸಂಖ್ಯೆಯನ್ನಷ್ಟೆ ಎತ್ತಿಕೊಳ್ಳುತ್ತಾರೆ. ಬೋಧಕನ ಪೋಷಣೆಗೆ ಸ್ಥಳೀಯರು ಕೊಟ್ಟ ಮೊತ್ತವನ್ನು ಊರೂರಿನ ಲೆಕ್ಕದಲ್ಲಿ ಬಿಡಿಸಿ, ರೈಲುನಿಲ್ದಾಣವಿರುವ ಊರುಗಳನ್ನು ಒಂದು ಕಡೆಯೂ ಒಳನಾಡಿನ ಹಳ್ಳಿಗಳನ್ನು ಇನ್ನೊಂದು ಕಡೆಯೂ ಇಟ್ಟು, ಮಳೆ ಬಂದ ವರ್ಷಗಳೊಡನೆ ಬರದ ವರ್ಷಗಳನ್ನು ಹೋಲಿಸಿದರೆ ನಮ್ಮ ಊಹೆ ನಿಲ್ಲುವುದೋ ಬೀಳುವುದೋ ತಿಳಿಯುತ್ತದೆ.